ಮುನ್ನುಡಿಗೂ ಮೊದಲು ಬೇಕಾದ ಓದುಗ

ಹೊಸ ಕನ್ನಡ ಪುಸ್ತಕವೊಂದನ್ನು ಕೈಗೆತ್ತಿಕೊಂಡು ‘ಲೇಖಕರ ಮಾತು’ ಓದಿ ನೋಡಿ. ಮುನ್ನುಡಿ ಬರೆದ ಹಿರಿಯರು, ಬೆನ್ನುಡಿ ಬರೆದ ಗೆಳೆಯರು, ಮುಖಪುಟದ ಕಲಾವಿದರು, ಡಿಟಿಪಿ ಮಾಡಿದವರು, ಮುದ್ರಣಾಲಯದ ಬಳಗ, ಮನೆಮಂದಿ, ಎಲ್ಲರಿಗೂ ಅಲ್ಲಿ ಕೃತಜ್ಞತೆ ಸಂದಿರುತ್ತದೆ. ‘ಮೂರನೆಯ ಅಧ್ಯಾಯ ತೆಗೆದುಹಾಕು ಎಂದು ಹಟ ಹಿಡಿದವರು ಇವರು’ ಎಂದು ಯಾರ ಹೆಸರನ್ನೂ ಬರೆದಿರುವುದಿಲ್ಲ. ಕರಡು ತಿದ್ದಿದವರ ಹೆಸರು ಇದ್ದರೂ ಅವರು ನೋಡಿರುವುದು ಒತ್ತು, ದೀರ್ಘ, ಅಲ್ಪಪ್ರಾಣ, ಮಹಾಪ್ರಾಣ. ಕಥೆ ಎಲ್ಲಿ ಕುಂಟುತ್ತಿದೆ ಎಂದು ನೋಡಲು ಅವರಿಗೆ ಯಾರೂ ಹೇಳಿರಲಿಲ್ಲ.

ಇವತ್ತಿನ ಕನ್ನಡ ಲೇಖಕರಿಗೆ, ಅದರಲ್ಲೂ ಮೊದಲ ಪುಸ್ತಕದ ಹುರುಪಿನಲ್ಲಿರುವವರಿಗೆ, ಹೇಳಬೇಕಾದ ಮಾತು ಒಂದೇ: ಮುನ್ನುಡಿ ಬರೆಯುವವರನ್ನು ಆಮೇಲೆ ಹುಡುಕಿ, ಪೆನ್ಸಿಲ್ ಹಿಡಿದು ಓದುವವರನ್ನು ಮೊದಲು ಹುಡುಕಿ.

ಅಂಥವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1933ರಲ್ಲಿ ಶುರುವಾದ ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟ ಬರೀ ಪುಸ್ತಕ ಪೇರಿಸಿಡುವ ಜಾಗವಾಗಿರಲಿಲ್ಲ. ಅಲ್ಲಿ ಪ್ರಕಾಶಕ ಜಿ.ಬಿ. ಜೋಶಿ ಇದ್ದರು, ಸಾಹಿತ್ಯ ಸಲಹೆಗಾರರಾಗಿ ಕೀರ್ತಿನಾಥ ಕುರ್ತಕೋಟಿ ಇದ್ದರು. ಹಸ್ತಪ್ರತಿ ಓದುವುದು, ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡುವುದು ಅವರಿಗೆ ದಿನದ ಕೆಲಸ. ಇಪ್ಪತ್ತರ ಆಸುಪಾಸಿನ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಹೊರಬಂತು, ಮೂರು ವರ್ಷಕ್ಕೆ ‘ತುಘಲಕ್’. ಹೆಸರಿಲ್ಲದ ಹುಡುಗನ ನಾಟಕವನ್ನು ಅಷ್ಟು ಗಂಭೀರವಾಗಿ ಓದುವ ಎರಡು ಜೊತೆ ಕಣ್ಣು ಒಂದು ಊರಿನಲ್ಲಿತ್ತು ಎನ್ನುವುದು ಸಣ್ಣ ಸಂಗತಿಯಲ್ಲ.

ಒಬ್ಬ ಸಂಪಾದಕಿಯಿಂದ ಏನಾಗಬಹುದು ಎಂಬುದಕ್ಕೆ ಅಮೆರಿಕದಲ್ಲೊಂದು ಅಪರೂಪದ ಪುರಾವೆ ಇದೆ. ಅಪರೂಪ ಯಾಕೆಂದರೆ, ತಿದ್ದುವ ಮೊದಲಿನ ರೂಪವೂ ತಿದ್ದಿದ ಮೇಲಿನ ರೂಪವೂ ಎರಡೂ ಅಂಗಡಿಯಲ್ಲಿ ಸಿಗುತ್ತವೆ. 1957ರಲ್ಲಿ ಹಾರ್ಪರ್ ಲೀ ತನ್ನ ಕಾದಂಬರಿಯ ಹಸ್ತಪ್ರತಿಯನ್ನು ಲಿಪಿನ್‌ಕಾಟ್ ಪ್ರಕಾಶನಕ್ಕೆ ಕೊಟ್ಟಳು. ಇಪ್ಪತ್ತಾರು ವರ್ಷದ ಜೀನ್ ಲೂಯಿಸ್ ನ್ಯೂಯಾರ್ಕಿನಿಂದ ತನ್ನ ಊರಿಗೆ ಬಂದು ತಂದೆಯನ್ನು ಹೊಸ ಕಣ್ಣಿನಿಂದ ಕಾಣುವ ಕಥೆ ಅದು. ನಡುನಡುವೆ ಬಾಲ್ಯದ ನೆನಪುಗಳು ಬರುತ್ತಿದ್ದವು. ಟೇ ಹೋಹಾಫ್ ಎಂಬ ಸಂಪಾದಕಿಗೆ ಜೀವ ಕಂಡದ್ದು ಆ ನೆನಪುಗಳಲ್ಲಿ. ಮತ್ತೆ ಬರೆ ಎಂದಳು. ಎರಡು ವರ್ಷಕ್ಕೂ ಮೀರಿ ಬರೆಯುವುದು, ಹರಿಯುವುದು, ಮತ್ತೆ ಬರೆಯುವುದು ನಡೆಯಿತು. 1960ರಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಹೊರಬಂದಾಗ ಕಥೆ ಹೇಳುತ್ತಿದ್ದುದು ಅದೇ ಜೀನ್ ಲೂಯಿಸಳ ಬಾಲ್ಯ, ಸ್ಕೌಟ್ ಎಂಬ ಹುಡುಗಿ. ಮರುವರ್ಷ ಪುಲಿಟ್ಜರ್ ಬಂತು. ಆ ಹಳೆಯ ಹಸ್ತಪ್ರತಿ 2015ರಲ್ಲಿ ‘ಗೋ ಸೆಟ್ ಎ ವಾಚ್‌ಮನ್’ ಆಗಿ ಅಚ್ಚಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುವುದು ಯಾವ ಬರವಣಿಗೆಯ ಶಿಬಿರಕ್ಕೂ ಕಡಿಮೆಯಲ್ಲ. ಹೋಹಾಫ್ ಕಾಗುಣಿತ ತಿದ್ದಲಿಲ್ಲ, ಕಥೆಯನ್ನು ಯಾರ ಬಾಯಲ್ಲಿ ಹೇಳಿಸಬೇಕು ಎಂದು ತೋರಿಸಿದಳು.

ಎಲ್ಲರಿಗೂ ಹೋಹಾಫ್ ಸಿಗುವುದಿಲ್ಲ, ನಿಜ. ಆದರೆ ಲೇಖಕ ತಾನೇ ಮಾಡಿಕೊಳ್ಳಬಹುದಾದ ಕೆಲಸವೂ ಬೇಕಾದಷ್ಟಿದೆ. ಒಂದು ಕಥೆ ಹೀಗೆ ಶುರುವಾಗುತ್ತದೆ ಎಂದುಕೊಳ್ಳಿ: ‘ಮೂಡಣದಲ್ಲಿ ನೇಸರನು ಹೊಂಗಿರಣಗಳನ್ನು ಚೆಲ್ಲುತ್ತಿದ್ದನು. ಹಕ್ಕಿಗಳ ಇಂಚರವು ಕಿವಿಗೆ ಇಂಪಾಗಿತ್ತು. ಹಳ್ಳಿಯ ಜನರು ತಮ್ಮ ತಮ್ಮ ಕೆಲಸಗಳಲ್ಲಿ ಮಗ್ನರಾಗಿದ್ದರು. ಆದರೆ ನಿಂಗಮ್ಮನ ಮನದಲ್ಲಿ ಮಾತ್ರ ಹೇಳಲಾಗದ ದುಗುಡ ತುಂಬಿತ್ತು.’ ಇದರಲ್ಲಿ ವ್ಯಾಕರಣದ ತಪ್ಪೊಂದೂ ಇಲ್ಲ. ಕಣ್ಣಾರೆ ನೋಡಿ ಬರೆದ ಸಾಲೂ ಒಂದಿಲ್ಲ. ಮೂರು ಪುಟ ದಾಟಿದ ಮೇಲೆ ಅದೇ ಕಥೆಯಲ್ಲಿ ಇನ್ನೊಂದು ಸಾಲು ಬರುತ್ತದೆ: ‘ನಿಂಗಮ್ಮ ಹಾಲು ಹಾಕಲು ಡೇರಿಗೆ ಬಂದಳು. ಸಾಲಿನಲ್ಲಿದ್ದವರು ಮಾತು ನಿಲ್ಲಿಸಿದರು.’

ಕಥೆ ಶುರುವಾಗಬೇಕಾದದ್ದು ಅಲ್ಲಿ. ದುಗುಡ ಎಂಬ ಪದವೇ ಬೇಕಿಲ್ಲ, ಮಾತು ನಿಲ್ಲಿಸಿದ ಆ ಸಾಲೇ ಅದನ್ನು ಹೇಳುತ್ತದೆ. ನೇಸರ, ಹೊಂಗಿರಣ, ಇಂಚರಗಳೆಲ್ಲ ಲೇಖಕ ಕೈ ಬಿಸಿ ಮಾಡಿಕೊಳ್ಳಲು ಬರೆದವು. ಅವುಗಳ ಕೆಲಸ ಅಲ್ಲಿಗೆ ಮುಗಿಯಿತು. ಬಹಳಷ್ಟು ಹಸ್ತಪ್ರತಿಗಳ ಮೊದಲ ಮೂರು ಪುಟಗಳ ಹಣೆಬರಹ ಇಷ್ಟೇ, ಆದರೂ ಅವನ್ನು ಕಳೆಯಲು ಕೈ ಬರುವುದಿಲ್ಲ. ಕಷ್ಟಪಟ್ಟು ಬರೆದದ್ದಲ್ಲವೇ ಎನ್ನಿಸುತ್ತದೆ. ಒಂದೆರಡು ತಿಂಗಳು ಹಸ್ತಪ್ರತಿಯನ್ನು ಕಪಾಟಿನಲ್ಲಿಟ್ಟು ಆಮೇಲೆ ತೆಗೆದರೆ ಆ ಮಮಕಾರ ಅರ್ಧ ಇಳಿದಿರುತ್ತದೆ.

ಸಂಭಾಷಣೆಯನ್ನಂತೂ ಗಟ್ಟಿಯಾಗಿ ಓದಿಯೇ ನೋಡಬೇಕು. ಧಾರವಾಡದ ಅವ್ವ ಮಗನನ್ನು ‘ಎಲ್ಲಿ ಹೋಗಿದ್ದಿ?’ ಎಂದು ಕೇಳುತ್ತಾಳೆ, ಮಂಡ್ಯದ ತಾಯಿ ‘ಎಲ್ಗೋಗಿದ್ದೆ?’ ಎನ್ನುತ್ತಾಳೆ. ಇಬ್ಬರ ಬಾಯಲ್ಲೂ ‘ನೀನು ಎಲ್ಲಿಗೆ ಹೋಗಿದ್ದೆ?’ ಎಂದು ಪಠ್ಯಪುಸ್ತಕದ ಕನ್ನಡ ಹಾಕಿದರೆ ಇಬ್ಬರೂ ಸತ್ತಂತೆಯೇ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ನುಡಿಯನ್ನು ಸಂಭಾಷಣೆಯಲ್ಲಷ್ಟೇ ಬಿಡದೆ ನಿರೂಪಣೆಗೂ ತಂದಿತು. ಅದೂ ತೆಳ್ಳನೆಯ ಪುಸ್ತಕ.

ತೆಳ್ಳಗಿದ್ದರೆ ಬೆಲೆ ಬಾರದು ಎಂಬ ಅಂಜಿಕೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಕಾರಣವೂ ಉಂಟು. ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆ ಕಟ್ಟುವುದು ಪುಟಗಳ ಲೆಕ್ಕದಲ್ಲಿ. ಹೀಗಿರುವಾಗ ನಲವತ್ತು ಪುಟ ಕಳೆ ಎನ್ನುವ ಸಲಹೆ ಪ್ರಕಾಶಕರಿಂದ ಬರುವುದು ಕಷ್ಟ. ಆದರೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ನೆನಪಿಸಿಕೊಳ್ಳಿ. 1990ರಿಂದ 2023ರವರೆಗೆ, ಮೂರು ದಶಕಕ್ಕೂ ಮೀರಿ ಬರೆದ ಕಥೆಗಳ ರಾಶಿಯಿಂದ ಆರಿಸಿದ ಹನ್ನೆರಡೇ ಕಥೆಗಳು ಅದರಲ್ಲಿವೆ. ದೀಪಾ ಭಾಸ್ತಿ ಅನುವಾದಿಸಿದ್ದು ಎಷ್ಟು ಮುಖ್ಯವೋ ಆರಿಸಿದ್ದೂ ಅಷ್ಟೇ ಮುಖ್ಯ. ಬಿಟ್ಟ ಕಥೆಗಳು ಕಳಪೆ ಎಂದು ಇದರರ್ಥವಲ್ಲ. ಈ ಹನ್ನೆರಡು ಒಟ್ಟಿಗಿದ್ದಾಗ ಒಂದಕ್ಕೊಂದು ಬಲ ಕೊಡುತ್ತವೆ. ಸಂಕಲನ ತರುವವರು ಇದುವರೆಗೆ ಬರೆದದ್ದನ್ನೆಲ್ಲ ತುರುಕುವ ಮುಂಚೆ ಈ ಒಂದು ಲೆಕ್ಕವನ್ನು ನೋಡಬೇಕು.

ಇನ್ನು ಪೆನ್ಸಿಲ್ ಹಿಡಿಯುವ ಓದುಗರು ಎಲ್ಲಿದ್ದಾರೆ? ಹತ್ತಿರದಲ್ಲೇ ಇದ್ದಾರೆ. ನಿವೃತ್ತ ಉಪಸಂಪಾದಕರು, ಕಾಲೇಜಿನ ಕನ್ನಡ ಮೇಷ್ಟ್ರು, ವಾರಕ್ಕೊಂದು ಕಾದಂಬರಿ ಮುಗಿಸುವ ಬ್ಯಾಂಕ್ ಉದ್ಯೋಗಿ. ಅವರಿಗೆ ಹಸ್ತಪ್ರತಿ ಕೊಟ್ಟು ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು, ನಮ್ಮ ಸೌಜನ್ಯ ಅಂಥದ್ದು. ‘ಎಲ್ಲಿ ಬೇಜಾರಾಯ್ತು? ಎಲ್ಲಿ ಪುಟ ಹಾರಿಸಿದ್ರಿ?’ ಎಂದು ಕೇಳಿ. ಆಗ ಉತ್ತರ ಪುಟಸಂಖ್ಯೆಯ ಸಮೇತ ಬರುತ್ತದೆ. ಬಂದದ್ದನ್ನು ವಾದಿಸದೆ ಬರೆದುಕೊಳ್ಳಿ. ಇಬ್ಬರು ಒಂದೇ ಪುಟ ಹೇಳಿದರೆ ತೊಂದರೆ ಆ ಪುಟದಲ್ಲಿದೆ.

ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ಒಳ್ಳೆಯ ಯೋಜನೆ. ಅದರ ಜೊತೆಗೆ ಆಯ್ಕೆಯಾದ ಪ್ರತಿ ಹಸ್ತಪ್ರತಿಗೂ ಒಬ್ಬ ಅನುಭವಿ ಸಂಪಾದಕರನ್ನು ಗೊತ್ತುಮಾಡಿ, ಅವರಿಗೊಂದು ಗೌರವಧನ ಕೊಟ್ಟು, ಲೇಖಕರ ಜೊತೆ ಒಂದಿಡೀ ದಿನ ಕೂರಿಸಬೇಕು. ಮುಖಪುಟ ಕಲೆ, ಒಳವಿನ್ಯಾಸ, ಮುದ್ರಣ ಎಂದು ಹೆಸರುಗಳನ್ನು ಅಚ್ಚು ಹಾಕುವ ಆ ಪುಟದಲ್ಲಿ ‘ಸಂಪಾದನೆ’ ಎಂಬ ಇನ್ನೊಂದು ಸಾಲಿಗೆ ಜಾಗ ಖಂಡಿತ ಇದೆ.