ಬೇಕಲ ಕೋಟೆ ಯಾರದ್ದು?

ಬೇಕಲಕ್ಕೆ ಹೋಗಿ ಬಂದ ಕನ್ನಡಿಗರು ಫೋಟೋ ಜೊತೆ ಒಂದು ಸಾಲು ಬರೆದೇ ಬರೆಯುತ್ತಾರೆ... "ನಮ್ಮ ಕೋಟೆ, ಈಗ ಕೇರಳದ ಪಾಲು." ಮೊನ್ನೆ ನಾನೂ ಹೋಗಿ ಬಂದೆ. ಆ ಸಾಲು ಬರೆಯೋಕೆ ಮಾತ್ರ ಮನಸ್ಸಾಗಲಿಲ್ಲ.

ಕೋಟೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತಾರೆ. ಸುಮಾರು 40 ಎಕರೆ, ಎಲ್ಲೆಲ್ಲೂ ಜಂಬಿಟ್ಟಿಗೆ ಕಲ್ಲು. ಕುಲಗೋಡದವನಾದ ನನಗೆ ಕೋಟೆ ಅಂದರೆ ವಲ್ಲಭಗಡ, ಪಾರಸಗಡದ ಹಾಗೆ ಒಣ ಗುಡ್ಡದ ಮೇಲಿರುವಂಥದ್ದು. ಇಲ್ಲಿ ನೋಡಿದರೆ ಗೋಡೆಯ ಬುಡಕ್ಕೇ ಸಮುದ್ರ! ಗೋಡೆಯಲ್ಲಿ ಬಂದೂಕಿನ ಕಿಂಡಿಗಳಿವೆ. ಮೇಲಿನ ಕಿಂಡಿ ದೂರದ ಶತ್ರುವಿಗೆ, ಕೆಳಗಿನದು ಹತ್ತಿರ ಬಂದವನಿಗೆ. ಬಂದವರಲ್ಲಿ ಹೆಚ್ಚಿನವರು ಹುಡುಕುತ್ತಿದ್ದದ್ದು 'ಬಾಂಬೆ' ಸಿನಿಮಾದ (1995) ಹಾಡು ತೆಗೆದ ಜಾಗವನ್ನು :)

ಈಗ ವಿಷಯಕ್ಕೆ ಬರ್ತೀನಿ. ಕೋಟೆ ಕಟ್ಟಿದವನ ಹೆಸರು ಹೇಳಿ ನೆಲ ಕೇಳೋದಾದರೆ ನಮ್ಮ ಬೆಳಗಾವಿಯ ಗತಿ ಏನ್ರೀ? 1818ರಲ್ಲಿ ಬ್ರಿಟಿಷರು ಗೆಲ್ಲುವ ತನಕ ಬೆಳಗಾವಿ ಕೋಟೆ ಪೇಶ್ವೆಯರ ಕೈಯಲ್ಲಿತ್ತು. ಗಡಿಯಾಚೆಯವರು ಆ ಮಾತು ಎತ್ತಿದರೆ ನಾವೇನಂತೀವಿ? "ಹಿಂದೆ ಯಾರಾದರೂ ಆಳಿರಲಿ, ಇಲ್ಲಿ ಬದುಕಿರುವ ಜನರ ಮಾತು ಯಾವುದು ನೋಡಿ" ಅಂತೀವಿ. ಬೆಳಗಾವಿಗೆ ಒಂದು ಅಳತೆ, ಬೇಕಲಕ್ಕೆ ಇನ್ನೊಂದು ಅಂದರೆ ಹೇಗೆ?

ಇನ್ನೊಂದು ಸಂಗತಿ. 1967ರ ಮಹಾಜನ ವರದಿ ಕರ್ನಾಟಕಕ್ಕೆ ಸೇರಲಿ ಅಂದದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು. ಬೇಕಲ ಇರೋದು ಹೊಳೆಯ ದಕ್ಷಿಣಕ್ಕೆ. ವರದಿ ಅಕ್ಷರಶಃ ಜಾರಿಯಾಗಿದ್ದರೂ ಈ ಕೋಟೆ ಕೇರಳದಲ್ಲೇ ಉಳಿಯುತ್ತಿತ್ತು!

ನಿಜವಾದ ಸಂಕಟ ಇರೋದು ಆ ಉತ್ತರದ ದಡದಲ್ಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ... 1956ರ ನವೆಂಬರ್ 1ರಂದು ನಾವೆಲ್ಲ ಹಬ್ಬ ಮಾಡುವ ದಿನವೇ ಅವರು ಕೇರಳಕ್ಕೆ ಹೋದರು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು, ಅವರು ಹೋರಾಡಿದ ವಿಲೀನ ಆಗಲೇ ಇಲ್ಲ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಅಲ್ಲಿಯ ಕನ್ನಡಿಗರು ಬೀದಿಗಿಳಿದರು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದಾಗಲೂ ತಂದೆತಾಯಂದಿರೇ ಪ್ರತಿಭಟಿಸಬೇಕಾಯಿತು. ಕೋಟೆ ಫೋಟೋ ಹಾಕಿ ಮರುಗುವ ನಮ್ಮಲ್ಲಿ ಎಷ್ಟು ಜನ ಆಗ ಒಂದು ಸಾಲು ಬರೆದೆವು?

ಬೇಕಲಕ್ಕೆ ಹೋಗುವವರು ಖಂಡಿತ ಹೋಗಿ. ವಾಪಸ್ ಬರುವಾಗ ಚಂದ್ರಗಿರಿ ಸೇತುವೆ ದಾಟಿದ ಮೇಲೆ ಸೀದಾ ಮಂಗಳೂರಿಗೆ ಓಡಬೇಡಿ. ದಾರಿಯಲ್ಲೇ ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆನಪಿನ 'ಗಿಳಿವಿಂಡು' ಇದೆ. ಅಲ್ಲಿಳಿದು ಯಾವುದಾದರೂ ಅಂಗಡಿಯಲ್ಲಿ ಚಹಾ ಕುಡಿಯುತ್ತ, ಮಕ್ಕಳು ಯಾವ ಮೀಡಿಯಂನಲ್ಲಿ ಓದ್ತಾರೆ ಅಂತ ಕೇಳಿ ನೋಡಿ.