ಕನ್ನಡದ ಕಡತಕ್ಕೆ ಯಾರ ಬೀಗ?

ಇಂಗ್ಲಿಷ್ ಬಹು ಶ್ರೀಮಂತವಾದ ಭಾಷೆಯೆಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಆದರೆ ಒಂದು ಕಡೆ ಅದು ಕನ್ನಡದ ಮುಂದೆ ಬಡವಾಗಿಬಿಟ್ಟಿದೆ. ಹಣ ಕೊಡದೆ ಸಿಕ್ಕುವುದಕ್ಕೂ, ಯಾರ ಹಂಗೂ ಇಲ್ಲದೆ ಬಾಳುವುದಕ್ಕೂ ಅದರಲ್ಲಿ ‘ಫ್ರೀ’ ಎಂಬ ಒಂದೇ ಮಾತು. ನಮ್ಮಲ್ಲಿ ಎರಡುಂಟು: ಪುಕ್ಕಟೆ, ಸ್ವತಂತ್ರ. ರಾಮನವಮಿಯಲ್ಲಿ ಹಂಚುವ ಪಾನಕ ಪುಕ್ಕಟೆ. 1947ರಲ್ಲಿ ನಾವು ಪಡೆದದ್ದು ಸ್ವಾತಂತ್ರ್ಯ. ಇವೆರಡನ್ನೂ ಒಂದೇ ಎಂದು ತಿಳಿಯುವ ಕನ್ನಡಿಗನಿಲ್ಲ. ಹಾಗಿದ್ದೂ ‘ಫ್ರೀ ಸಾಫ್ಟ್‌ವೇರ್’ ಎಂದೊಡನೆ ನಮ್ಮ ವಿದ್ಯಾವಂತರು ಪಾನಕದ ಲೋಟವನ್ನೇ ನೆನೆಯುತ್ತಾರೆ. ‘ಪುಕ್ಕಟೆ ಸಿಕ್ಕುವುದು ಎಷ್ಟು ಚೆನ್ನಾಗಿದ್ದೀತು?’ ಎಂದು ಮೂಗು ಮುರಿಯುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಆರಂಭ.

ಸ್ವತಂತ್ರ ತಂತ್ರಾಂಶವೆಂದರೆ ಇಷ್ಟೆ: ಅದನ್ನು ಯಾವ ಕೆಲಸಕ್ಕಾದರೂ ಬಳಸಬಹುದು, ಅದರ ಒಳಗಿನ ಬರವಣಿಗೆಯನ್ನು, ಅಂದರೆ ಮೂಲ ಸಂಕೇತವನ್ನು, ಬಿಚ್ಚಿ ಓದಬಹುದು, ಬೇಕಾದಂತೆ ತಿದ್ದಬಹುದು, ತಿದ್ದಿದ್ದನ್ನು ನೆರೆಯವರಿಗೆ ಹಂಚಬಹುದು. ಈ ಹಕ್ಕುಗಳಿಗಾಗಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ತಿರುಳು ಅದಕ್ಕೆ ಕೂಡಿ, ಲಿನಕ್ಸ್ ಎಂದು ನಾವು ಕರೆಯುವ ಕಾರ್ಯಾಚರಣ ವ್ಯವಸ್ಥೆ ಬೆಳೆಯಿತು. ಜಗತ್ತಿನ ಅತಿ ವೇಗದ ಐನೂರು ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರಿಂದೀಚೆಗೆ ಒಂದೊಂದೂ ನಡೆಯುವುದು ಲಿನಕ್ಸಿನ ಮೇಲೆ. ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಪುಕ್ಕಟೆಯೆಂದು ಮೂಗು ಮುರಿಯುವವರ ಜೇಬಿನಲ್ಲಿಯೇ ಅದು ಹಗಲಿರುಳು ದುಡಿಯುತ್ತಿದೆ. ಪತ್ರ ಬರೆಯುವುದಕ್ಕೆ, ಲೆಕ್ಕ ಇಡುವುದಕ್ಕೆ ಲಿಬ್ರೆ ಆಫೀಸ್ ಇದೆ. ಸನ್ ಕಂಪೆನಿ 2000ದಲ್ಲಿ ಮೂಲ ಸಂಕೇತವನ್ನು ಬಿಟ್ಟುಕೊಟ್ಟ ಓಪನ್ ಆಫೀಸಿನ ಕವಲಾಗಿ ಅದು 2010ರಲ್ಲಿ ಹುಟ್ಟಿತು. ಅದಕ್ಕೆ ಕನ್ನಡದ ಮುಖವೂ ಉಂಟು.

ಇದು ಕಂಪ್ಯೂಟರು ಬಲ್ಲವರ ಜಗಳ, ಸಾಹಿತ್ಯದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ಕೇಳುವವರುಂಟು. ಸಾಹಿತ್ಯ ಇಂದು ಹುಟ್ಟುವುದೂ ಉಳಿಯುವುದೂ ಕಂಪ್ಯೂಟರಿನ ಫೈಲುಗಳಲ್ಲಿ. ಫೈಲಿಗೆ ಬೀಗ ಬಿದ್ದರೆ ಸಾಹಿತ್ಯಕ್ಕೇ ಬಿದ್ದಂತೆ. ಇದು ಊಹೆಯ ಮಾತಲ್ಲ. ನಮ್ಮ ಕಣ್ಣೆದುರಿಗೆ ನಡೆದದ್ದು.

ಭಾಷೆಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ಯೂನಿಕೋಡ್, 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಮಣೆ ಹಾಕಿತ್ತು. ಆದರೆ ನಮ್ಮ ಮನೆ, ಕಛೇರಿಗಳನ್ನು ಆಳುತ್ತಿದ್ದ ವಿಂಡೋಸ್ ಕನ್ನಡವನ್ನು ಒಳಕ್ಕೆ ಬಿಟ್ಟುಕೊಂಡದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಹತ್ತು ವರ್ಷ ನಾವು ಬಾಗಿಲಲ್ಲಿ ನಿಂತಿದ್ದೆವು. ಒಳಗಿನ ಸಂಕೇತ ನಮ್ಮ ಕೈಯಲ್ಲಿಲ್ಲದ ಮೇಲೆ ಬೇರೇನು ಮಾಡಲು ಸಾಧ್ಯವಿತ್ತು? ನಮ್ಮವರು ಒಂದು ಉಪಾಯ ಹೂಡಿದರು. ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ಮಾಡಿದರು. ಓದುವವನ ಕಣ್ಣಿಗೆ ಕನ್ನಡ. ಯಂತ್ರದ ಲೆಕ್ಕಕ್ಕೆ ಅರ್ಥವಿಲ್ಲದ ಇಂಗ್ಲಿಷ್. ಹೊರಗೆ ಪಂಚೆ ಶಲ್ಯ, ಒಳಗೆ ಪರಂಗಿಯ ಷರಾಯಿ! ಆ ಕಷ್ಟಕಾಲದಲ್ಲಿ ದುಡಿದವರ ಉಪಕಾರ ದೊಡ್ಡದು, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿಯೇ ನಾನು ಈ ಲೇಖನವನ್ನೂ ಬರೆಯುತ್ತಿದ್ದೇನೆ. ಆದರೆ ಒಬ್ಬೊಬ್ಬ ವರ್ತಕನ ಫಾಂಟಿಗೂ ಒಂದೊಂದು ಕ್ರಮವಾಯಿತು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಲಾಗದು; ಹುಡುಕಲಾಗದು; ಅಕಾರಾದಿಯಾಗಿ ಜೋಡಿಸಲಾಗದು.

ನನ್ನ ಪರಿಚಯದ ಮುದ್ರಣಾಲಯವೊಂದಕ್ಕೆ ಹಿರಿಯ ಲೇಖಕರೊಬ್ಬರು ತಮ್ಮ ಕಾದಂಬರಿಯ ಮರುಮುದ್ರಣಕ್ಕೆಂದು ಹಳೆಯ ಸಿ.ಡಿ.ಯನ್ನು ತಂದರು. ಇಪ್ಪತ್ತು ವರ್ಷದ ಹಿಂದೆ ಅಲ್ಲಿಯೇ ಅಕ್ಷರ ಜೋಡಿಸಿದ್ದು. ತೆರೆದರೆ ಪರದೆಯ ತುಂಬ ರೋಮನ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಡಾಲರಿನ ಗುರುತು. ಅಂದಿನ ಫಾಂಟು ಮಾಡಿದ ಕಂಪೆನಿ ಬಾಗಿಲು ಹಾಕಿತ್ತು. ಅದು ನಡೆಯುವುದಕ್ಕೆ ಯಂತ್ರದ ಹಿಂಬದಿಗೆ ಸಿಕ್ಕಿಸಬೇಕಾಗಿದ್ದ ಪುಟ್ಟ ಡಬ್ಬಿ ಈಗಿನ ಯಂತ್ರಗಳಿಗೆ ಹೊಂದುತ್ತಿರಲಿಲ್ಲ. ‘ಅಚ್ಚಾದ ಪುಸ್ತಕವಿದ್ದರೆ ಕೊಡಿ ಸ್ವಾಮಿ, ಮೊದಲಿಂದ ಜೋಡಿಸಿಬಿಡುತ್ತೇವೆ’ ಎಂದರು ಮುದ್ರಕರು. ಕಾಗದದ ಪ್ರತಿ ಉಳಿದಿತ್ತು. ಆಧುನಿಕ ಪ್ರತಿ ಸತ್ತಿತ್ತು. ಅಚ್ಚಾಗದೆ ಫೈಲಿನಲ್ಲಿಯೇ ಉಳಿದ ಪತ್ರ, ದಿನಚರಿ, ಕಛೇರಿಯ ಟಿಪ್ಪಣಿಗಳ ಗತಿಯೇನು?

ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಓಲೆಗರಿಯ ಕಾವ್ಯ ಸಾವಿರ ವರ್ಷ ದಾಟಿ ಬಂದದ್ದು ಹೇಗೆ? ಗರಿ ಗಟ್ಟಿಯೆಂದಲ್ಲ, ಗರಿಯನ್ನು ಗೆದ್ದಲು ತಿನ್ನುತ್ತದೆ. ಅಕ್ಷರ ಬಲ್ಲ ಯಾರಾದರೂ ಅದನ್ನು ಓದಬಹುದಾಗಿತ್ತು, ಕಂಠವಿದ್ದವರು ಪ್ರತಿ ಮಾಡಬಹುದಾಗಿತ್ತು. ಲಿಪಿಕಾರನೊಬ್ಬ ‘ಈ ಗರಿಯನ್ನು ನಮ್ಮ ಅಂಗಡಿಯ ದೀಪದಲ್ಲಿ ಮಾತ್ರ ಓದತಕ್ಕದ್ದು, ಎಣ್ಣೆಗೆ ಪ್ರತಿವರ್ಷವೂ ಬಾಡಿಗೆ, ಅಂಗಡಿ ಮುಚ್ಚಿದರೆ ನಾವು ಹೊಣೆಯಲ್ಲ’ ಎಂದು ಕರಾರು ಹಾಕಿದ್ದರೆ ಅತ್ತಿಮಬ್ಬೆ ಒಪ್ಪುತ್ತಿದ್ದಳೆ? ನಾವು ಒಪ್ಪಿದ್ದೇವೆ. ತಂತ್ರಾಂಶವನ್ನು ಕೂರಿಸುವಾಗ ಓದದೆಯೇ ‘ಒಪ್ಪಿದೆ’ ಎಂದು ಒತ್ತುವ ಗುಂಡಿಯ ಅರ್ಥ ಬಹುಮಟ್ಟಿಗೆ ಇದೇ.

‘ನಾವೆಲ್ಲಿ ಬಾಡಿಗೆ ಕೊಟ್ಟೆವು? ಅಂಗಡಿಯ ಹುಡುಗ ಎಲ್ಲವನ್ನೂ ಹಾಗೆಯೇ ಹಾಕಿಕೊಡುತ್ತಾನೆ’ ಎಂದು ನಗುವ ಸಂಭಾವಿತರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತರಕಾರಿಯವಳ ಹತ್ತಿರ ಒಂದು ಹಿಡಿ ಕೊತ್ತಂಬರಿಯನ್ನೂ ಕದಿಯದ ಈ ಜನ ಕದ್ದ ತಂತ್ರಾಂಶವನ್ನು ಪೂಜೆಯ ಕೋಣೆಯ ಪಕ್ಕದಲ್ಲಿಯೇ ಇಟ್ಟುಕೊಂಡಿರುತ್ತಾರೆ. ವರ್ತಕನನ್ನು ಮೋಸಗೊಳಿಸಿದೆವೆಂದು ಅವರ ಎಣಿಕೆ. ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ 1976ರಲ್ಲಿ, ತಮ್ಮ ತಂತ್ರಾಂಶವನ್ನು ಕದಿಯುತ್ತಾರೆಂದು ಕಂಪ್ಯೂಟರು ಹವ್ಯಾಸಿಗಳಿಗೆ ಸಿಟ್ಟಿನ ಬಹಿರಂಗ ಪತ್ರವನ್ನೇ ಬರೆದಿದ್ದರು. ಅದೇ ಗೇಟ್ಸ್ 1998ರಲ್ಲಿ ಚೀನಾದ ಮಾತು ಬಂದಾಗ, ಕದಿಯುವುದೇ ಆದರೆ ನಮ್ಮದನ್ನೇ ಕದಿಯಲಿ ಎಂಬ ಅರ್ಥದ ಮಾತನ್ನಾಡಿದರು. ಅಭ್ಯಾಸ ಬಿದ್ದವನು ಎಂದಾದರೂ ಹಣ ಕೊಟ್ಟಾನೆಂಬುದು ಅವರಿಗೆ ಗೊತ್ತು. ಕಳ್ಳತನವೂ ಆ ಬೀಗಕ್ಕೆ ಒಂದು ಮೊಳೆ.

ಬೀಗದ ಕೈ ದೂರದೇಶದಲ್ಲಿದ್ದರೆ ಆಗುವುದೇನೆಂಬುದನ್ನು 2025ರ ಜುಲೈ ತಿಂಗಳು ತೋರಿಸಿಕೊಟ್ಟಿತು. ಯೂರೋಪಿನ ಒಕ್ಕೂಟ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿಯ ಮೇಲೆ ನಿರ್ಬಂಧ ಹೇರಿತು. ಭಾರತದ ಯಾವ ಕಾನೂನೂ ಹಾಗೆನ್ನದಿದ್ದರೂ ಮೈಕ್ರೋಸಾಫ್ಟ್ ಆ ಸಂಸ್ಥೆಗೆ ತನ್ನ ಸೇವೆಯನ್ನು ನಿಲ್ಲಿಸಿತು. ತನ್ನದೇ ಅಂಚೆ, ತನ್ನದೇ ಕಡತ ಅದಕ್ಕೆ ಎಟುಕದಾಯಿತು. ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಸೇವೆ ಮರಳಿತು. ಅಷ್ಟು ದೊಡ್ಡ ಸಂಸ್ಥೆಗೆ ವಕೀಲರಿದ್ದರು. ನಿಮಗೆ, ನನಗೆ, ಒಂದು ಗ್ರಾಮ ಪಂಚಾಯತಿಗೆ ಯಾರಿದ್ದಾರೆ?

ಈ ಬೆದರಿಕೆಗೆ ಈಗ ಸ್ವದೇಶಿಯ ಮದ್ದನ್ನು ಹೇಳುತ್ತಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಂತ್ರಿಗಳೊಬ್ಬರು ತಾವು ಜೋಹೋಗೆ ಬದಲಾಗಿರುವುದಾಗಿ ಸಾರಿದರು. ಜೋಹೋ ನಮ್ಮ ದೇಶದ ಕಂಪೆನಿ. ಅದರ ಏಳಿಗೆ ನನಗೂ ಸಂತೋಷವೇ. ಆದರೆ ಅದರ ಕಛೇರಿ ತಂತ್ರಾಂಶದ ಮೂಲ ಸಂಕೇತವೂ ನಮಗೆ ತೆರೆದಿಲ್ಲ. ಬೀಗ ಅಮೆರಿಕದ್ದಾದರೇನು, ಚೆನ್ನೈಯದಾದರೇನು? ಕೀಲಿಕೈ ಮನೆಯೊಡೆಯನ ಸೊಂಟದಲ್ಲಿದೆಯೆ ಎಂಬುದೇ ಪ್ರಶ್ನೆ. ಸ್ವದೇಶಿ ಬೇರೆ, ಸ್ವಾತಂತ್ರ್ಯ ಬೇರೆ.

ಎದುರು ವಾದಗಳನ್ನು ಕಡೆಗಣಿಸುವಂತಿಲ್ಲ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳನ್ನು ಬದಲಾಯಿಸಿ, 2017ರಲ್ಲಿ ವಿಂಡೋಸಿಗೆ ಮರಳುವ ನಿರ್ಣಯ ಮಾಡಿತಲ್ಲ ಎನ್ನುತ್ತಾರೆ. ನಿಜ. ಆದರೆ ಮರಳಬೇಕೆನಿಸಿದಾಗ ಮರಳುವುದಕ್ಕೆ ಅದನ್ನು ಯಾರೂ ತಡೆಯಲಿಲ್ಲವೆಂಬುದನ್ನೂ ಗಮನಿಸಬೇಕು. ಹೊರಟುಹೋಗಲು ಬಿಡುವ ಮನೆಯನ್ನು ಸೆರೆಮನೆಯೆನ್ನುವುದಿಲ್ಲ. ಮ್ಯೂನಿಕ್ಕಿನ ಕಥೆಯನ್ನು ಬಲ್ಲ ಅದೇ ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ತನ್ನ ಸುಮಾರು 30,000 ಯಂತ್ರಗಳನ್ನು ಲಿಬ್ರೆ ಆಫೀಸಿಗೆ ಒಯ್ಯಲು ನಿಶ್ಚಯಿಸಿತು.

‘ಕಲಿಯುವುದು ಕಷ್ಟ, ಕಲಿತರೆ ಕೆಲಸ ಸಿಕ್ಕದು’ ಎಂಬುದು ಇನ್ನೊಂದು ಮಾತು. ಪಕ್ಕದ ಕೇರಳಕ್ಕೆ ಹೋಗಿ ನೋಡಬಹುದು. ಅಲ್ಲಿನ ಸರಕಾರಿ ಶಾಲೆಗಳ ಮಕ್ಕಳು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಲಿನಕ್ಸಿನ ಮೇಲೆಯೇ ಕಲಿಯುತ್ತಿದ್ದಾರೆ. ಹತ್ತನೆಯ ತರಗತಿಯ ಮಾಹಿತಿ ತಂತ್ರಜ್ಞಾನದ ಪರೀಕ್ಷೆಯೂ ಅದರ ಮೇಲೆಯೇ. ಅವರಿಗೆ ಕೆಲಸ ಸಿಕ್ಕದೆ ಹೋಯಿತೆಂದು ನಾನು ಕೇಳಿಲ್ಲ. ಮಗುವಿಗೆ ಕೂಡುವ ಲೆಕ್ಕ ಕಲಿಸಬೇಕೇ ಹೊರತು ಒಬ್ಬ ಶೆಟ್ಟರ ಅಂಗಡಿಯ ಖಾತೆಪುಸ್ತಕವನ್ನಲ್ಲ. ಸ್ವತಂತ್ರ ತಂತ್ರಾಂಶದಲ್ಲಿಯೂ ಲೋಪಗಳುಂಟು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿದ್ದಾಗ, ಎಲ್ಲರೂ ಓದಬಹುದಾದ ಸಂಕೇತದಲ್ಲಿ ಅದು ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತೆಂದು ತಿಳಿಯಿತು. ಕನ್ನಡದ ಅನುವಾದವೂ ಎಲ್ಲ ಕಡೆ ಪೂರ್ಣವಾಗಿಲ್ಲ. ಆದರೆ ಈ ಕೊರತೆಗಳನ್ನು ತುಂಬುವುದು ನಮ್ಮ ಕೈಯಲ್ಲಿದೆ. ಗುಬ್ಬಿ, ನವಿಲು ಎಂಬ ಸ್ವತಂತ್ರ ಫಾಂಟುಗಳನ್ನು ಕೊಟ್ಟವರೂ, ಹಳೆಯ ಫಾಂಟುಗಳಲ್ಲಿ ಸಿಕ್ಕಿಬಿದ್ದ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಬರೆದು ಹಂಚಿದವರೂ ನಮ್ಮಂಥ ಕನ್ನಡಿಗರೇ. ಅವರು ಯಾರ ಅಪ್ಪಣೆಗೂ ಕಾಯಲಿಲ್ಲ.

ಹೆಚ್ಚು ನಾಚಬೇಕಾದದ್ದು ಸರಕಾರಗಳು. ಲಿಬ್ರೆ ಆಫೀಸ್ ಬಳಸುವ ಮುಕ್ತ ಕಡತರೂಪ 2006ರಲ್ಲಿಯೇ ಅಂತರರಾಷ್ಟ್ರೀಯ ಮಾನಕವಾಯಿತು. ಮೈಕ್ರೋಸಾಫ್ಟಿನ ಕಡತರೂಪಕ್ಕೂ ಆ ಪಟ್ಟ ಬೇಕೆಂದಾಗ ಭಾರತ 2007ರಲ್ಲಿ ವಿರುದ್ಧವಾಗಿ ಮತ ಹಾಕಿತು. 2008ರಲ್ಲಿಯೂ ಆ ನಿಲುವನ್ನು ಬಿಡಲಿಲ್ಲ. ಅದೇ ಭಾರತದ ಕಛೇರಿಗಳು ಇಂದು ನಮ್ಮಿಂದ ಅರ್ಜಿ ಕೇಳುವುದು ಬಹುತೇಕ ಆ ರೂಪದಲ್ಲಿಯೇ! ತಂತ್ರಾಂಶ ಕೊಳ್ಳುವಾಗ ಮುಕ್ತವಾದದ್ದಕ್ಕೆ ಮೊದಲ ಪ್ರಾಶಸ್ತ್ಯ, ಬೇಡವೆಂದರೆ ಕಾರಣ ಕೊಡತಕ್ಕದ್ದು ಎಂಬ ಕೇಂದ್ರದ ನೀತಿ 2015ರಲ್ಲಿ ಬಂದಿದೆ. ನೀತಿ ಕಾಗದದ ಮೇಲಿದೆ. ಮೇಜಿನ ಮೇಲೆ ಹಳೆಯ ಯಂತ್ರವೇ ಇದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ ಹತ್ತರ ಸಾಮಾನ್ಯ ಬೆಂಬಲ ನಿಂತಿತು. ಹನ್ನೊಂದಕ್ಕೆ ತಕ್ಕುದಲ್ಲವೆಂಬ ಒಂದೇ ಕಾರಣಕ್ಕೆ ಎಷ್ಟೋ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಗುಜರಿಯ ದಾರಿ ಹಿಡಿದಿವೆ. ಅವುಗಳ ಮೇಲೆ ಲಿನಕ್ಸ್ ಹಾಕಿ ಹಳ್ಳಿಯ ಶಾಲೆಗಳಿಗೆ ಕೊಡುವುದಕ್ಕೆ ಯಾವ ಸಮಿತಿಯ ವರದಿ ಬೇಕು?

ನಾನು ಕೇಳುವುದು ಬಹಳವಲ್ಲ. ಕನ್ನಡನಾಡಿನ ಸರಕಾರದ ಪ್ರತಿಯೊಂದು ಆದೇಶವೂ ಯೂನಿಕೋಡಿನಲ್ಲಿ, ಮುಕ್ತ ಕಡತರೂಪದಲ್ಲಿ ದೊರೆಯಲಿ. ಹುಡುಕಲು ಬಾರದ ಛಾಯಾಪ್ರತಿಯಾಗಿ ಅಲ್ಲ. ಪ್ರಜೆಗಳ ಹಣದಿಂದ ಮಾಡಿಸಿದ ಕನ್ನಡ ತಂತ್ರಾಂಶದ ಮೂಲ ಸಂಕೇತ ಪ್ರಜೆಗಳಿಗೆ ಸೇರಲಿ. ಶಾಲೆಗಳು ಮಕ್ಕಳಿಗೆ ಸ್ವತಂತ್ರ ತಂತ್ರಾಂಶದಲ್ಲಿ ಕಲಿಸಲಿ. ಪ್ರಕಾಶಕರು ಪ್ರತಿಯೊಂದು ಪುಸ್ತಕದ ಯೂನಿಕೋಡ್ ಪ್ರತಿಯನ್ನು ಲೇಖಕರ ಕೈಗಿಡಲಿ. ಇನ್ನು ಈ ಪುಟವನ್ನು ಓದುವ ತಾವು: ಲಿಬ್ರೆ ಆಫೀಸನ್ನು ಇಂದು ಸಂಜೆಯೇ ಇಳಿಸಿಕೊಳ್ಳಿ, ಅದು ತಮ್ಮ ವಿಂಡೋಸಿನ ಮೇಲೆಯೂ ನಡೆಯುತ್ತದೆ. ಹಳೆಯ ಫಾಂಟಿನಲ್ಲಿರುವ ತಮ್ಮ ಬರಹಗಳನ್ನು ಒಂದೊಂದಾಗಿ ಯೂನಿಕೋಡಿಗೆ ತಂದಿಡಿ. ಫಾಂಟು ಮಾಡಿದವರು ಅಂಗಡಿ ಮುಚ್ಚಬಹುದು, ಕಂಪೆನಿ ಕರಾರು ಬದಲಿಸಬಹುದು. ಮೊಮ್ಮಗಳು ಮೂವತ್ತು ವರ್ಷದ ಮೇಲೆ ಆ ಫೈಲನ್ನು ತೆರೆದಾಗ ಕನ್ನಡ ಕಾಣಬೇಕು, ಡಾಲರಿನ ಗುರುತಲ್ಲ.