ಕಂಬಕ್ಕಿರುವ ಲೆಕ್ಕ ಮನುಷ್ಯನಿಗಿಲ್ಲವೇ?

ಹುನಗುಂದದಿಂದ ಕುಷ್ಟಗಿ, ಮುನಿರಾಬಾದಿನ ಬಳಿ ಹಾದು ಹೊಸಪೇಟೆ ಸೇರುವ ಹೆದ್ದಾರಿ ನಾಲ್ಕು ಪಥವಾಗಿದೆ. ರಸ್ತೆ ಬೇಡವೆನ್ನುವವರು ನಾವಲ್ಲ. ನಾವು ಕೇಳುವುದು ಲೆಕ್ಕ.

ರಸ್ತೆ ಅಗಲಿಸುವಾಗ ವಿದ್ಯುತ್ ಕಂಬ, ನೀರಿನ ಕೊಳವೆ ಸರಿಸಲು ಮೊದಲೇ ಅಂದಾಜುಪಟ್ಟಿ ತಯಾರಾಗುತ್ತದೆ, ಖರ್ಚು ಯೋಜನೆಯದು. ನೆಲ ಬಿಟ್ಟವನಿಗೋ? 1997ರಲ್ಲಿ ಹೆದ್ದಾರಿ ಕಾಯಿದೆಗೆ ಸೇರಿದ ಒಂದು ಕಲಮು ನೂರಕ್ಕೆ 30ರ ಸಾಂತ್ವನಧನವನ್ನೂ ಅದರ ಬಡ್ಡಿಯನ್ನೂ ಕಿತ್ತುಕೊಂಡಿತು. ಹೊಲ ಕಾಲುವೆಗೆ ಹೋದರೆ ಒಂದು ನ್ಯಾಯ, ಹೆದ್ದಾರಿಗೆ ಹೋದರೆ ಇನ್ನೊಂದು! ಇದು ಅಸಮಾನತೆಯೆಂದು ಸುಪ್ರೀಂ ಕೋರ್ಟು ಸಾರಲು 2019 ಬರಬೇಕಾಯಿತು. ಹಳೆಯ ಪ್ರಕರಣಗಳಿಗೆ ಆ ತೀರ್ಪು ಬೇಡವೆಂದು ವಾದಿಸಿದ ಹೆದ್ದಾರಿ ಪ್ರಾಧಿಕಾರ 2025ರಲ್ಲಿ ಸೋತಿತು.

ಸಣ್ಣ ವ್ಯಾಪಾರಿಗಳೇ, ಭೂಸ್ವಾಧೀನದಿಂದ ಒಕ್ಕಲೆದ್ದ ಸಣ್ಣ ವ್ಯಾಪಾರಿಗೆ ಕನಿಷ್ಠ 25,000 ರೂಪಾಯಿ ಕೊಡಬೇಕೆನ್ನುತ್ತದೆ 2013ರ ಕಾಯಿದೆ. 2015ರಿಂದ ಅದು ಹೆದ್ದಾರಿಗೂ ಅನ್ವಯ. ಕೇಳದವನಿಗೆ ಯಾರು ಕೊಡುತ್ತಾರೆ?

ಕಾರ್ಮಿಕ ಬಂಧುಗಳೇ, ಗಿರಣಿಯಲ್ಲಿ ದುಡಿಯುವ ನಿಮ್ಮ ಊರಿನ ಹೊಲವೂ ನಾಳೆ ನಕ್ಷೆಯೊಳಗೆ ಬಂದೀತು. ಅಧಿಸೂಚನೆ ಹೊರಟ 21 ದಿನದೊಳಗೆ ತಕರಾರು ಬರೆದುಕೊಡಿ. ಒಬ್ಬನ ಅರ್ಜಿ ಕಸದ ಬುಟ್ಟಿ ಸೇರೀತು. ಬೀದಿಯೆಲ್ಲ ಸಹಿ ಹಾಕಿದ ಅರ್ಜಿಯನ್ನು ನುಂಗುವುದು ಸುಲಭವಲ್ಲ.

ಮೊದಲು ಪರಿಹಾರ, ಆಮೇಲೆ ಗುದ್ದಲಿ!